ವಿಶ್ವವಿದ್ಯಾನಿಲಯಗಳೂ ಕಾಲ್ಚೆಂಡಾಟವೂ

ನಾಗಪುರದ ಪಶ್ಚಿಮಕ್ಕೆ, ಇಟಾರ್ಸಿಗೆ ಹೋಗುವ ರೈಲುಹಾದಿಯಲ್ಲಿ ಕಳಮೇಶ್ವರವೆಂಬ ಊರಿದೆ. ಧಾರವಾಡ ಸೀಮೆಯ ಕಲ್ಮೇಶ್ವರನ ಗುಡಿಗಳನ್ನು ಬಲ್ಲವರಿಗೆ ಈ ಹೆಸರು ಪರಕೀಯವೆನಿಸದು. ಆದರೆ ಬರಿಯ ಹೋಲಿಕೆಯ ಮೇಲೆ ಇತಿಹಾಸವನ್ನು ಕಟ್ಟಲಾಗದು. ಇಲ್ಲಿ ಪ್ರಸ್ತುತವಾದುದು ಬೇರೊಂದು ಸಂಬಂಧ. 1923ರಲ್ಲಿ ನಾಗಪುರ ವಿಶ್ವವಿದ್ಯಾನಿಲಯವು ಸ್ಥಾಪಿತವಾಗುವುದಕ್ಕೆ ಬಹು ಮುಂಚೆಯೇ ಈ ಪ್ರಾಂತದಲ್ಲಿ ಕಾಲೇಜುಗಳಿದ್ದುವು. 1883ರಲ್ಲಿ ಮಿಶನರಿಗಳು ತೆರೆದ ಹಿಸ್ಲಪ್ ಕಾಲೇಜು ಮೊದಲು ಸೇರಿದ್ದುದು ಕಲ್ಕತ್ತೆಯ ವಿಶ್ವವಿದ್ಯಾನಿಲಯಕ್ಕೆ. ಭಾರತದ ವಿದ್ಯಾರ್ಥಿಗಳ ಕಾಲ್ಚೆಂಡಾಟದ ಚರಿತ್ರೆಯನ್ನೂ ಕಲ್ಕತ್ತೆಯಿಂದಲೇ ಆರಂಭಿಸಬೇಕಾಗುತ್ತದೆ.

1877ರ ಸುಮಾರಿನಲ್ಲಿ ಹೇರ್ ಶಾಲೆಯ ಬಾಲಕ ನಗೇಂದ್ರಪ್ರಸಾದ ಸರ್ವಾಧಿಕಾರಿ ಗೆಳೆಯರೊಡನೆ ರಗ್ಬಿಯ ಚೆಂಡನ್ನು ಒದೆಯುತ್ತಿದ್ದುದನ್ನು ಕಂಡು, ಪ್ರೆಸಿಡೆನ್ಸಿ ಕಾಲೇಜಿನ ಅಧ್ಯಾಪಕ ಸ್ಟ್ಯಾಕ್ ಎಂಬವರು ಸರಿಯಾದ ಆಟವನ್ನು ಕಲಿಸಿದರೆಂದು ಪ್ರತೀತಿ. ಬಂಗಾಳದಲ್ಲಿ ಈ ಆಟಕ್ಕೆ ವಿದ್ಯಾಲಯವೇ ತೊಟ್ಟಿಲಾಯಿತು. 1911ರ ಜುಲೈ 29ರಂದು ಗೋರಾ ಪಡೆಯನ್ನು ಸೋಲಿಸಿದ ಮೋಹನ್ ಬಾಗಾನ್ ತಂಡದಲ್ಲಿ ಬೂಟು ತೊಟ್ಟವರು ಒಬ್ಬರೇ. ಆ ಸುಧೀರ್ ಚಟರ್ಜಿಯವರು ಕಾಲೇಜಿನ ಅಧ್ಯಾಪಕರು. 1941ರಲ್ಲಿ ಮೊದಲಾದ ಅಂತರ ವಿಶ್ವವಿದ್ಯಾನಿಲಯ ಸ್ಪರ್ಧೆಯ ಪಾರಿತೋಷಕಕ್ಕೂ ಕಲ್ಕತ್ತೆಯ ಕುಲಪತಿ ಆಶುತೋಷ ಮುಖರ್ಜಿಯವರ ಹೆಸರೇ ನಿಂತಿತು.

ಮೈಸೂರಿನ ಕಥೆ ಹೀಗಿಲ್ಲ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯವು ಮಹಾರಾಜರ ಆಡಳಿತಕ್ಕೆ ಸೇರಿದುದು. ಕಾಲ್ಚೆಂಡಾದರೋ ಬೆಂಗಳೂರಿನ ದಂಡಿನಲ್ಲಿ ಬೆಳೆಯಿತು. ಆ ದಂಡು 1947ರವರೆಗೂ ಬ್ರಿಟಿಷರ ಕೈಯಲ್ಲಿತ್ತು. ಒಂದೇ ಊರಿನಲ್ಲಿ ಎರಡು ರಾಜ್ಯ! ದಂಡಿನ ಆಟದ ಬಯಲುಗಳ ಸುತ್ತಮುತ್ತ ತಮಿಳು, ಉರ್ದು ಮನೆಮಾತಾಗಿದ್ದ ಬಡ ಕುಟುಂಬಗಳಿದ್ದುವು. ಸೈನಿಕರ ಆಟವನ್ನು ನೋಡಿ ಕಲಿತ ಆ ಮನೆಗಳ ಮಕ್ಕಳಿಗೆ ಪದವಿಯ ಹಂಗಿರಲಿಲ್ಲ. ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದ ಬೆಂಗಳೂರು ಮುಸ್ಲಿಮ್ಸ್, ಆ ಗೌರವವನ್ನು ಪಡೆದ ಮೊದಲ ಭಾರತೀಯ ತಂಡ. ಮರುವರ್ಷವೂ ಅದೇ ಗೆದ್ದಿತು. 1946ರಲ್ಲಿ ಮೈಸೂರು ಸಂಸ್ಥಾನಕ್ಕೆ ಸಂತೋಷ್ ಟ್ರೋಫಿ ದೊರೆಯಿತು.

ಇವರನ್ನು ಕನ್ನಡ ನಾಡಿನ ಚರಿತ್ರೆಯಲ್ಲಿ ಎಲ್ಲಿರಿಸಬೇಕು? ನಮ್ಮ ಬರೆಹಗಾರರು ವಿಶ್ವವಿದ್ಯಾನಿಲಯದ ಚರಿತ್ರೆಯನ್ನು ಆದರದಿಂದ ಬರೆದಿದ್ದಾರೆ. ದಂಡಿನ ಬಯಲಿನತ್ತ ಅವರ ದೃಷ್ಟಿ ಹರಿದುದು ಕಡಮೆ. ಮನೆಮಾತು ಕನ್ನಡವಲ್ಲವೆಂಬುದು ಕಾರಣವಾಗಿದ್ದರೆ ಅದು ನ್ಯಾಯವಲ್ಲ. ಮರಾಠಿ ನೆಲದಲ್ಲಿ ಬಾಳುತ್ತ, ಆ ನೆಲಕ್ಕಾಗಿ ದುಡಿದೂ ಕನ್ನಡವನ್ನು ಬಿಡದ ನಾಗಪುರದ ಕನ್ನಡಿಗರಂತೂ ಆ ಮಾತನ್ನು ಒಪ್ಪಲಾರರು. ಮೈಸೂರಿನ ಅಂಗಿ ತೊಟ್ಟು ಆಡಿದವರು ಮೈಸೂರಿನವರೇ.

ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಪಂದ್ಯವು 1948ರ ಜುಲೈ 31ರಂದು ಲಂಡನ್ನಿನಲ್ಲಿ ಫ್ರಾನ್ಸಿನ ಮೇಲೆ ನಡೆಯಿತು. ನಾಯಕರಾಗಿದ್ದ ನಾಗಾ ತರುಣ ತಾಲಿಮೆರೆನ್ ಆವೊ ಕಲ್ಕತ್ತೆಯಲ್ಲಿ ವೈದ್ಯ ವಿದ್ಯಾರ್ಥಿ. ಬಹುಮಂದಿ ಬರಿಗಾಲಿನಲ್ಲೇ ಆಡಿದರು. ಎರಡು ಪೆನಾಲ್ಟಿಗಳು ವ್ಯರ್ಥವಾಗಿ ಭಾರತ 1–2ರಿಂದ ಸೋತಿತು. ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಕಾಲೇಜಿನ ಆಟವೂ ದಂಡಿನ ಆಟವೂ ಅಲ್ಲಿ ಒಂದೇ ಪಂಕ್ತಿಯಲ್ಲಿ ನಿಂತಿದ್ದುವು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನರು 1949ರಲ್ಲಿ ಕಲ್ಕತ್ತೆಗೆ ತೆರಳಿ ಈಸ್ಟ್ ಬೆಂಗಾಲ್ ತಂಡವನ್ನು ಸೇರಿದರು. ಆ ತಂಡದ ಮುಂಚೂಣಿಯ ಐವರಲ್ಲಿ ಒಬ್ಬರಾಗಿದ್ದ ಅವರನ್ನು ಬಂಗಾಳಿಗಳು ಪಂಚಪಾಂಡವರಲ್ಲಿ ಎಣಿಸಿದರು.