ಮ್ಯಾನ್‌ಹೋಲ್ ಕೆಳಗೆ 14 ತಿಂಗಳು

ಹಿಟ್ಲರ್ ಕಾಲದಲ್ಲಿ ಅಡಗಿಕೊಂಡು ಬದುಕಿದ ಯಹೂದಿಗಳು ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಒಂದೇ ಹೆಸರು, ಆನ್ ಫ್ರಾಂಕ್. ಆಮ್‌ಸ್ಟರ್‌ಡ್ಯಾಮ್‌ನ ಒಂದು ಕಟ್ಟಡದ ಹಿಂಭಾಗ, ಪುಸ್ತಕದ ಕಪಾಟಿನ ಹಿಂದೆ ಬಾಗಿಲು, ಎಂಟು ಜನ, ಎರಡು ವರ್ಷ. 1944ರ ಆಗಸ್ಟ್ 4ರಂದು ಸಿಕ್ಕಿಬಿದ್ದರು. ಎಂಟರಲ್ಲಿ ಬದುಕಿ ಬಂದದ್ದು ಆ ಹುಡುಗಿಯ ಅಪ್ಪ ಒಬ್ಬರೇ.

ನಾನಿವತ್ತು ಹೇಳೋದು ಅದಕ್ಕಿಂತ ಸುಮಾರು ಒಂದು ವಾರ ಮುಂಚೆ ಮುಗಿದ ಇನ್ನೊಂದು ಕಥೆ. ಇದರಲ್ಲಿ ಕಪಾಟಿಲ್ಲ, ಕಿಟಕಿಯಿಲ್ಲ. ಮ್ಯಾನ್‌ಹೋಲ್ ಮುಚ್ಚಳ ಇದೆ. ಅದರ ಕೆಳಗೆ ಊರಿನ ಕೊಳಚೆಯೆಲ್ಲ ಹರಿಯೋ ಒಳಚರಂಡಿ ಇದೆ.

ಊರು ಲ್ವೀವ್. ಇವತ್ತು ಉಕ್ರೇನ್‌ನಲ್ಲಿದೆ, ಯುದ್ಧಕ್ಕೆ ಮುಂಚೆ ಪೋಲೆಂಡ್‌ನಲ್ಲಿತ್ತು. ಲಕ್ಷಕ್ಕೂ ಹೆಚ್ಚು ಯಹೂದಿಗಳಿದ್ದ ಊರು. 1941ರ ಜೂನ್ ಕೊನೆಯಲ್ಲಿ ಜರ್ಮನ್ ಸೇನೆ ಬಂತು. ಮೊದಲು ಮನೆ ಹೋಯ್ತು, ಅಂಗಡಿ ಹೋಯ್ತು. ಆಮೇಲೆ ಎಲ್ಲರನ್ನೂ ಘೆಟ್ಟೋ ಅನ್ನೋ ಬೇಲಿಯೊಳಗೆ ತಳ್ಳಿದರು. ಅಲ್ಲಿಂದ ಬೆಲ್ಜೆಕ್‌ಗೆ, ಯಾನೋವ್ಸ್ಕಾ ಕ್ಯಾಂಪಿಗೆ, ಸಾವಿಗೆ. 1943ರ ಮೇ ಕೊನೆ, ಜೂನ್ ಆರಂಭದಲ್ಲಿ ಘೆಟ್ಟೋದಲ್ಲಿ ಉಳಿದಿದ್ದವರನ್ನೂ ಮುಗಿಸೋಕೆ ಶುರುವಾಯ್ತು.

ಆ ಹೊತ್ತಿಗೆ ಇಗ್ನಾಸಿ ಹಿಗೆರ್ ಅನ್ನೋ ವ್ಯಕ್ತಿ ತನ್ನ ಜೊತೆಗಾರರ ಜತೆ ಸೇರಿ ನೆಲಮಾಳಿಗೆಯಿಂದ ಒಳಚರಂಡಿಗೆ ಕಿಂಡಿ ಕೊರೆದಿದ್ದ. ಕೊರೆಯೋವಾಗಲೇ ಸಿಕ್ಕಿಬಿದ್ದ. ಯಾರ ಕೈಗೆ? ಪೊಲೀಸರ ಕೈಗಲ್ಲ, ಚರಂಡಿ ಕೆಲಸಗಾರನ ಕೈಗೆ. ಹೆಸರು ಲಿಯೋಪೋಲ್ಡ್ ಸೋಖಾ. ಕಳ್ಳತನ ಮಾಡಿ ಜೈಲು ನೋಡಿ ಬಂದವನು.

ಇಲ್ಲಿ ಒಂದು ಕಾನೂನು ನೆನಪಿಟ್ಟುಕೊಳ್ಳಿ. ಯಹೂದಿಗಳಿಗೆ ಜಾಗ ಕೊಟ್ಟವರಿಗೆ ಮರಣದಂಡನೆ. 1941ರ ಅಕ್ಟೋಬರ್‌ನಲ್ಲೇ ಆದೇಶ ಬಂದಿತ್ತು. ಹಾಗಾಗಿ ಸೋಖಾ ಹೋಗಿ ದೂರು ಕೊಟ್ಟಿದ್ದರೆ ಅವನನ್ನು ಒಳ್ಳೆ ಪ್ರಜೆ ಅಂತಿದ್ದರು. ಅವನು ಕೊಡಲಿಲ್ಲ. ದುಡ್ಡು ಕೊಟ್ಟರೆ ನೋಡ್ಕೋತೀನಿ ಅಂದ.

ಹೌದು, ದುಡ್ಡಿಗೇ. ಅದನ್ನು ಮುಚ್ಚಿಡೋದು ಬೇಡ. ಇಬ್ಬರು ಜೊತೆಗಾರರನ್ನೂ ಸೇರಿಸಿಕೊಂಡು ಸೋಖಾ ಇಪ್ಪತ್ತು ಚಿಲ್ಲರೆ ಜನರ ಹೊಣೆ ಹೊತ್ತ. ಅವರಲ್ಲಿ ಹಿಗೆರ್ ಹೆಂಡತಿ ಪೌಲಿನಾ, ಏಳು ವರ್ಷದ ಮಗಳು ಕ್ರಿಸ್ಟೀನಾ, ಅವಳ ಪುಟ್ಟ ತಮ್ಮ ಪಾವೆಲ್ ಇದ್ದರು. ಅವತ್ತು ಚರಂಡಿಗೆ ಇಳಿದವರು ಇನ್ನೂ ತುಂಬಾ ಜನ. ಲ್ವೀವ್ ಊರಿನ ಕೆಳಗೆ ಪೋಲ್ತ್ವಾ ನದಿಯೇ ಹರಿಯುತ್ತೆ. ಎಷ್ಟೋ ಜನ ಅದರಲ್ಲಿ ಕೊಚ್ಚಿಹೋದರು. ಕ್ರಿಸ್ಟೀನಾಳ ಚಿಕ್ಕಪ್ಪನೂ ಹೋದ.

ಅಲ್ಲಿ ಬದುಕೋದು ಅಂದ್ರೆ ಹೇಗಿತ್ತು? ನೆಟ್ಟಗೆ ನಿಲ್ಲೋಕಾಗಲ್ಲ. ಕತ್ತಲೆ, ನಾತ, ತೇವ. ರೊಟ್ಟಿಗೆ ಇಲಿಗಳ ಜತೆ ಪೈಪೋಟಿ. ಮಳೆ ಜೋರಾದರೆ ನೀರು ಕುತ್ತಿಗೆವರೆಗೂ ಏರುತ್ತೆ. ಮೇಲೆ ಚರ್ಚಿನ ಹತ್ತಿರ ಮಕ್ಕಳು ಆಡೋ ಸದ್ದು ಕೇಳುತ್ತೆ, ಕೆಳಗಿರೋ ಮಕ್ಕಳು ಉಸಿರೆತ್ತಬಾರದು. ಅಲ್ಲೇ ಒಬ್ಬ ಹೆಂಗಸು ಹೆತ್ತಳು. ಕೂಸಿನ ಅಳು ಮೇಲೆ ಕೇಳಿಸಿದರೆ ಎಲ್ಲರೂ ಹೋದಂತೆ. ಆ ಕೂಸು ಉಳಿಯಲಿಲ್ಲ. ಅದಕ್ಕಿಂತ ಹೆಚ್ಚು ಹೇಳೋಕೆ ನನಗೆ ಬಾಯಿ ಬರಲ್ಲ.

ಈಗ ಒಂದು ಲೆಕ್ಕ ಹಾಕಿ ನೋಡಿ ವೀಕ್ಷಕರೇ. ಕೆಳಗಿರೋ ಹೊಟ್ಟೆಗಳಿಗೆ ರೊಟ್ಟಿ ಮೇಲಿಂದ ಬರಬೇಕು. ಅದು ರೇಷನ್ ಕಾಲ. ಒಂದು ರೊಟ್ಟಿ ಹೆಚ್ಚು ಕೊಂಡರೂ ಯಾರಿಗಪ್ಪಾ ಇದು ಅಂತ ಕಣ್ಣು ಬೀಳುತ್ತೆ. ಆದರೂ ಸೋಖಾ ತರುತ್ತಿದ್ದ. ಕೊಳೆ ಬಟ್ಟೆ ಒಯ್ದರೆ ಅವನ ಹೆಂಡತಿ ಒಗೆದು ಕಳಿಸುತ್ತಿದ್ದಳು. ಪ್ರಾರ್ಥನೆ ಮಾಡ್ತೀವಿ ಅಂದವರಿಗೆ ಪ್ರಾರ್ಥನಾ ಪುಸ್ತಕ ಹುಡುಕಿ ತಂದ. ಕ್ರಿಸ್ಟೀನಾ ಮಾತೇ ನಿಲ್ಲಿಸಿ ಮಂಕಾದಾಗ, ಅವಳನ್ನು ಎತ್ತಿಕೊಂಡು ಬೆಳಕು ಬೀಳೋ ಜಾಲರಿಯ ಹತ್ತಿರ ಹೋಗಿ ಆಕಾಶ ತೋರಿಸಿದ.

ಒಂದು ದಿನ ಹಿಗೆರ್ ಹತ್ತಿರ ದುಡ್ಡು ಖಾಲಿಯಾಯ್ತು. ವ್ಯಾಪಾರ ಆಗಿದ್ದರೆ ಅವತ್ತೇ ಮುಗೀಬೇಕಿತ್ತು. ಮುಗೀಲಿಲ್ಲ. ಸೋಖಾ ರೊಟ್ಟಿ ತರೋದು ನಿಲ್ಲಿಸಲಿಲ್ಲ. ಹಿಂದೆ ಮಾಡಿದ ಪಾಪಗಳಿಗೆ ಇದೇ ಪ್ರಾಯಶ್ಚಿತ್ತ ಅಂತ ಅವನು ನಂಬಿದ್ದ.

1944ರ ಜುಲೈ ಕೊನೆಯಲ್ಲಿ ಸೋವಿಯತ್ ಸೇನೆ ಊರು ಹಿಡೀತು. ಸೋಖಾ ಮುಚ್ಚಳ ತೆಗೆದು ಕರೆದ. ಮೇಲೆ ಬಂದವರು ಹತ್ತು ಜನ. 14 ತಿಂಗಳ ನಂತರ ಸೂರ್ಯನನ್ನು ನೋಡಿದ ಕಣ್ಣುಗಳಿಗೆ ಎಲ್ಲವೂ ಕೆಂಪಾಗಿ ಕಾಣ್ತಿತ್ತು.

ಸೋಖಾ ಹೆಚ್ಚು ದಿನ ಬದುಕಲಿಲ್ಲ. 1946ರ ಮೇ ತಿಂಗಳಲ್ಲಿ ಮಗಳ ಜತೆ ಸೈಕಲ್‌ನಲ್ಲಿ ಹೋಗ್ತಿದ್ದಾಗ ಮಿಲಿಟರಿ ಲಾರಿ ಬಂತು. ಮಗಳನ್ನು ಉಳಿಸಿ ತಾನು ಸತ್ತ. ಯಹೂದಿಗಳಿಗೆ ಸಹಾಯ ಮಾಡಿದ್ದಕ್ಕೆ ದೇವರ ಶಿಕ್ಷೆ ಅಂತ ಕೆಲವರು ಆಡಿಕೊಂಡರಂತೆ. ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ 1978ರಲ್ಲಿ ಅವನನ್ನೂ ಅವನ ಹೆಂಡತಿಯನ್ನೂ ಗೌರವಿಸಿತು.

ಕ್ರಿಸ್ಟೀನಾ ಚರಂಡಿಯಲ್ಲಿ ತೊಟ್ಟಿದ್ದ, ಅಜ್ಜಿ ಹೆಣೆದ ಹಸಿರು ಸ್ವೆಟರ್ ಇವತ್ತು ವಾಷಿಂಗ್ಟನ್‌ನ ಹೋಲೋಕಾಸ್ಟ್ ಮ್ಯೂಸಿಯಂನಲ್ಲಿದೆ. ಅಂಗೈಯಷ್ಟು ಬಟ್ಟೆ ಅದು.

ಹತ್ತು ಜೀವ ಉಳಿದದ್ದು ಹೇಗೆ ಅಂತ ಕೇಳಿದರೆ ನನ್ನ ಉತ್ತರ ಇಷ್ಟೇ. ಆ ಊರಿನಲ್ಲಿ ಕಾನೂನು ಪಾಲಿಸಿದ ಮರ್ಯಾದಸ್ಥರು ಸಾವಿರಾರು ಜನ ಇದ್ದರು. ಅವತ್ತು ಬೇಕಾಗಿದ್ದವನು ಕಾನೂನು ಮುರಿಯೋಕೆ ಹೆದರದ ಒಬ್ಬ ಮನುಷ್ಯ. ಅವನು ಮೊದಲ ದಿನ ದುಡ್ಡಿಗೆ ಬಂದ. ದುಡ್ಡು ಮುಗಿದ ಮರುದಿನವೂ ಬಂದ.