ಕಲ್ಲಿದ್ದಲಿನ ಭಾರವೂ ಮಾರ್ಗಶಾಸನವೂ

ರಥ್ಯೆಗೆ 4 ದಂಡಗಳ ಅಗಲವನ್ನು ಹೇಳಿದ ಕೌಟಿಲ್ಯನು ಮಾರ್ಗವನ್ನು ಅಡ್ಡಗಟ್ಟಿದವರಿಗೂ ದಂಡವನ್ನೇ ವಿಧಿಸಿರುವನು. ಒಂದೇ ಶಬ್ದವು ಅಳತೆಗೂ ಶಿಕ್ಷೆಗೂ ಒದಗಿರುವುದು ಸ್ವಾರಸ್ಯಕರವಾಗಿದೆ. ಇಂಗ್ಲೆಂಡಿನಲ್ಲಿ 1741ರ ಶಾಸನವು ಸುಂಕದ ಕಟ್ಟೆಗಳಲ್ಲಿ ಬಂಡಿಗಳನ್ನು ತೂಗಲು ಅನುಮತಿಯಿತ್ತಿತು. 1753ರದು ಭಾರದ ಬಂಡಿಗಳಿಗೆ 9 ಅಂಗುಲ ಅಗಲದ ಚಕ್ರಗಳನ್ನು ವಿಧಿಸಿತು. ಬಂಡಿಯು ಮಾರ್ಗಕ್ಕೆ ಅಧೀನವೆಂಬುದೇ ಇವುಗಳ ತಾತ್ಪರ್ಯ. ಈ ನ್ಯಾಯವು ಅಮೆರಿಕದ ಅಪಲೇಚಿಯನ್ ಪರ್ವತಗಳ ಕಲ್ಲಿದ್ದಲಿನ ಸೀಮೆಯಲ್ಲಿ ತಲೆಕೆಳಗಾದ ಬಗೆಯು ವಿಚಾರಾರ್ಹವಾಗಿದೆ.

ಆ ದೇಶದಲ್ಲಿ ಲಾರಿಯ ಒಟ್ಟು ತೂಕಕ್ಕೆ ಸಾಮಾನ್ಯ ಮಿತಿಯು 80,000 ಪೌಂಡು. ಬಾಡಿಗೆಯು ಟನ್ನಿನ ಲೆಕ್ಕದಲ್ಲಿ ದೊರೆಯುತ್ತಿದ್ದುದರಿಂದ ಲಾರಿಯವರು ಮಿತಿಮೀರಿ ತುಂಬಿದರು. ಇದರ ಪರಿಣಾಮವಾದರೋ ಭಾರದ ಪ್ರಮಾಣದಲ್ಲಿಯೇ ನಿಲ್ಲತಕ್ಕುದಲ್ಲ. 1958ರಿಂದ 1960ರ ವರೆಗೆ ಇಲಿನಾಯ್ ಸಂಸ್ಥಾನದ ಒಟ್ಟಾವಾ ಎಂಬಲ್ಲಿ ಪರೀಕ್ಷಾಪಥಗಳ ಮೇಲೆ ಲಾರಿಗಳನ್ನು ಓಡಿಸಿ ನೋಡಿದಾಗ, ಅಚ್ಚಿನ ಮೇಲಣ ಭಾರವು ಇಮ್ಮಡಿಯಾದರೆ ಮಾರ್ಗದ ಸವೆತವು ಸುಮಾರು 16 ಮಡಿಯಾಗುವುದೆಂದು ಗೊತ್ತಾಯಿತು. ಡಾಮರು ಸೀಳಿ, ನೀರು ಒಳಗಿಳಿದು, ಅಡಿಪಾಯವು ಕುಸಿಯುವುದು. ಇಳಿಜಾರಿನ ತಿರುವುಗಳಲ್ಲಿ ಎದುರು ಬಂದವರ ಪ್ರಾಣಹಾನಿಯೂ ಉಂಟಾಯಿತು.

ಇಷ್ಟಾದ ಮೇಲೆ ಭಾರವು ತಗ್ಗಬೇಕಾಗಿತ್ತು; ಏರಿದುದು ಮಿತಿಯೇ. ಕೆಂಟಕಿ ಸಂಸ್ಥಾನವು 1986ರಲ್ಲಿಯೂ ಪಶ್ಚಿಮ ವರ್ಜೀನಿಯವು 2003ರಲ್ಲಿಯೂ ಗೊತ್ತುಮಾಡಿದ ಕಲ್ಲಿದ್ದಲಿನ ಮಾರ್ಗಗಳಲ್ಲಿ 1,20,000 ಪೌಂಡುಗಳ ವರೆಗೆ ಒಪ್ಪಿಗೆಯನ್ನಿತ್ತವು. ಕಳುಹಿಸುವವರೂ ಪಡೆಯುವವರೂ ತೂಕವನ್ನು ವರದಿಮಾಡತಕ್ಕದ್ದೆಂಬ ಎರಡನೆಯ ಶಾಸನದ ವಿಧಿಯು ಶ್ಲಾಘ್ಯವೇ ಸರಿ. ಆದರೆ ಪಶ್ಚಿಮ ವರ್ಜೀನಿಯದ ಈ ವಿನಾಯಿತಿಯು ದೃಢವಾಗಿ ಕಟ್ಟಿದ ಅಂತಾರಾಜ್ಯ ಮಹಾಮಾರ್ಗಗಳಿಗೆ ಅನ್ವಯಿಸದುದರಿಂದ, ಹೆಚ್ಚಿದ ಭಾರವೆಲ್ಲವೂ ಕಣಿವೆಯ ಇಕ್ಕಟ್ಟಾದ ದಾರಿಗಳ ಮೇಲೆಯೇ ಬಿದ್ದಿತು.