ಜತ್ತ ಸೀಮೆಯ ಮನೆಯೂಟ: ಒಂದು ಹಿನ್ನೋಟ

ಅರಸರ ವಂಶಾವಳಿ, ಯುದ್ಧಗಳ ಇಸವಿ, ಒಪ್ಪಂದಗಳ ಷರತ್ತು ಇವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತ ನಮ್ಮ ಸೇವಾವಧಿಯೆಲ್ಲ ಕಳೆಯಿತು. ನಾವು ಕಲಿಸಿದ ಯಾವ ಇತಿಹಾಸ ಪುಸ್ತಕದಲ್ಲಿಯೂ ಆ ಕಾಲದ ಜನ ಮಧ್ಯಾಹ್ನ ಏನು ಉಂಡರು ಎಂಬ ಪ್ರಶ್ನೆ ಇರಲಿಲ್ಲ. ನಿವೃತ್ತರಾಗಿ ಮನೆಯಲ್ಲಿ ಕುಳಿತ ಮೇಲೆ, ಒಲೆಯ ಮುಂದಿನ ಮಾತುಗಳಿಗೆ ಕಿವಿಗೊಡುವ ವ್ಯವಧಾನ ದೊರೆತಾಗ, ಈ ಕೊರತೆ ನಮ್ಮ ಅರಿವಿಗೆ ಬಂದಿತು. ಸಂಘದ ಮಿತ್ರರು ಸ್ಮರಣ ಸಂಚಿಕೆಗೆ ಲೇಖನ ಕೇಳಿದಾಗ ಡಫಳೆ ಸಂಸ್ಥಾನದ ಬಗ್ಗೆ ಬರೆಯಬೇಕೆಂದು ಅವರ ಅಪೇಕ್ಷೆಯಿತ್ತು. ನಾವು ಅಡಿಗೆಮನೆಯನ್ನು ಆರಿಸಿಕೊಂಡಿದ್ದೇವೆ. ಓದುಗರು ಕ್ಷಮಿಸಬೇಕು.

ಸಂಸ್ಥಾನದ ಮಾತನ್ನು ಚುಟುಕಾಗಿ ಹೇಳಿ ಮುಗಿಸುತ್ತೇವೆ. ಬಿಜಾಪುರದ ಆದಿಲಶಾಹಿಯ ಆಶ್ರಯದಲ್ಲಿ ತಲೆಯೆತ್ತಿದ ಡಫಳೆ ಮನೆತನ ಜತ್ತವನ್ನು ಆಳಿತು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮರುವರ್ಷ ತಾಲೂಕು ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. ಆ ಜಿಲ್ಲೆಯೇ 1960ರಲ್ಲಿ ಸಾಂಗಲಿ ಎಂಬ ಹೆಸರು ಪಡೆಯಿತು. ಇಷ್ಟೆಲ್ಲ ಬದಲಾದರೂ ಉಮದಿ, ಸಂಖ, ಉಮರಾಣಿ, ಬಿಳೂರು ಮೊದಲಾದ ಊರುಗಳ ಒಲೆಯ ಮೇಲಿನ ಹಂಚು ಬದಲಾಗಲಿಲ್ಲ. ಮಳೆ ಕಡಿಮೆ, ಬಂದರೂ ಹಿಂಗಾರಿಯಲ್ಲಿ ಬಂದರೆ ಬಂತು ಎನ್ನುವ ನೆಲ ಇದು. ಇಂಥ ನೆಲದಲ್ಲಿ ನಿಂತು ಬೆಳೆಯುವ ಧಾನ್ಯ ಬಿಳಿಜೋಳ. ಅಕ್ಟೋಬರಿನಲ್ಲಿ ಬಿತ್ತಿದರೆ ಎರೆಭೂಮಿ ಹಿಡಿದಿಟ್ಟ ತೇವವನ್ನೂ ಚಳಿಗಾಲದ ಇಬ್ಬನಿಯನ್ನೂ ನಂಬಿಕೊಂಡು ತೆನೆಗಟ್ಟುತ್ತದೆ. ಇಂದಿಗೂ ನಮ್ಮವರು ಮೆಚ್ಚುವ ಮಾಲದಂಡಿ ಜೋಳದ 35–1 ಎಂಬ ತಳಿಯನ್ನು ಆರಿಸಿ ತೆಗೆದದ್ದು ನೆರೆಯ ಸೊಲ್ಲಾಪುರ ಜಿಲ್ಲೆಯ ಮೋಹೋಳದ ಸಂಶೋಧನಾ ಕೇಂದ್ರದಲ್ಲಿ.

ಜೋಳಕ್ಕೆ ನಮ್ಮ ಭಾಷೆಯಲ್ಲಿ ಎಂಥ ಗೌರವವಿತ್ತು ಎಂಬುದಕ್ಕೆ ಒಂದು ಪದವೇ ಸಾಕ್ಷಿ. ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತಿದೆ. ಒಡೆಯನ ಜೋಳವನ್ನು ಉಂಡ ಋಣಕ್ಕಾಗಿ ಪ್ರಾಣವನ್ನಾದರೂ ಕೊಡುವ ನಿಷ್ಠೆ ಅದರ ಅರ್ಥ. ಈಗ ನಾವು ಉಪ್ಪಿನ ಋಣ ಎನ್ನುತ್ತೇವೆ. ಆಗಿನವರು ಜೋಳದ ಋಣ ಎಂದರು. ಆದರೆ ಅಡಿಗೆಯ ಬಗ್ಗೆ ಬರೆದ ಪಂಡಿತರ ಲಕ್ಷ್ಯ ಬೇರೆ ಕಡೆ ಇತ್ತು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ 12ನೆಯ ಶತಮಾನದ್ದು, ಸಂಸ್ಕೃತದಲ್ಲಿದೆ. ಮೂರನೆಯ ಮಂಗರಸನ ‘ಸೂಪಶಾಸ್ತ್ರ’ 16ನೆಯ ಶತಮಾನದ ಆರಂಭದ್ದು, ಕನ್ನಡದಲ್ಲಿದೆ. ಎರಡೂ ಅಮೂಲ್ಯ ಗ್ರಂಥಗಳೇ. ಆದರೆ ಅವು ಉಳ್ಳವರ ಪಾಕಶಾಲೆಯ ಗ್ರಂಥಗಳು. ಬೆಳಗಿನ ನಾಲ್ಕು ಗಂಟೆಗೆ ಎದ್ದು ಬೀಸುವ ಕಲ್ಲಿನ ಮುಂದೆ ಕೂಡುತ್ತಿದ್ದ ನಮ್ಮ ಅಜ್ಜಿಯಂದಿರ ಶಾಸ್ತ್ರವನ್ನು ಬರೆದಿಟ್ಟವರಿಲ್ಲ.

ಆ ಶಾಸ್ತ್ರದಲ್ಲಿ ಮೊದಲ ಅಧ್ಯಾಯವೇ ರೊಟ್ಟಿ. ಜತ್ತದ ಪೇಟೆಯಲ್ಲಿ ಅದು ಭಾಕರಿ, ಹಳ್ಳಿಯ ಕನ್ನಡ ಮನೆಯಲ್ಲಿ ರೊಟ್ಟಿ, ಹಿರಿಯರ ಬಾಯಲ್ಲಿ ಬಕ್ಕರಿ. ಗೋಧಿಗೆ ಇರುವ ಅಂಟು ಜೋಳಕ್ಕಿಲ್ಲ. ಆದುದರಿಂದಲೇ ಕುದಿಯುವ ಎಸರನ್ನು ಹಿಟ್ಟಿನ ನಡುವೆ ಸುರಿದು, ಬಿಸಿ ಇರುವಾಗಲೇ ಅಂಗೈಯ ಬುಡದಿಂದ ನಾದಬೇಕು. ಹಿಟ್ಟು ಬೀಸಿ ಬಹಳ ದಿನವಾಗಿದ್ದರೆ ಜಿಗಿ ಹೋಗಿ ರೊಟ್ಟಿಯ ಅಂಚು ಸೀಳುತ್ತದೆ. ವಾರಕ್ಕೊಮ್ಮೆಯಾದರೂ ಹೊಸದಾಗಿ ಬೀಸಿಕೊಳ್ಳುತ್ತಿದ್ದುದು ಅದಕ್ಕಾಗಿ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿ, ತಿರುವಿ, ಕೊನೆಗೆ ಕೆಂಡದ ಪಕ್ಕಕ್ಕೆ ನಿಲ್ಲಿಸಿದರೆ ಅದು ಉಬ್ಬುತ್ತದೆ. ನಾವು ಈ ಕ್ರಮವನ್ನು ಇಷ್ಟು ವಿವರವಾಗಿ ಬರೆಯಬಲ್ಲೆವು. ಮಾಡಲು ಹೋಗಿ ಎರಡು ಸಲ ಕೈ ಸುಟ್ಟುಕೊಂಡಿದ್ದೇವೆ. ಮನೆಯವರು ನಕ್ಕದ್ದನ್ನು ಇಲ್ಲಿ ದಾಖಲಿಸುವುದು ಇತಿಹಾಸಕಾರನ ಧರ್ಮ.

ರೊಟ್ಟಿಯ ಜತೆಗೆ ಏನು? ಶೇಂಗಾದ ಹಿಂಡಿ, ಅಗಸಿಯ ಹಿಂಡಿ, ಗುರೆಳ್ಳಿನ ಹಿಂಡಿ, ಕೆಂಪು ಮೆಣಸಿನಕಾಯಿಯ ರಂಜಕ, ಕಡಲೆಹಿಟ್ಟಿನ ಝುಣಕ, ಎಣ್ಣೆಗಾಯಿ ಬದನೆ, ಮೊಳಕೆ ಬರಿಸಿದ ಮಡಿಕೆಕಾಳು. ಇದೇ ನಮ್ಮ ಅಪ್ಪಟ ದೇಸಿ ಊಟವೆಂದು ನಾವೆಲ್ಲ ಹೆಮ್ಮೆಪಡುತ್ತೇವೆ. ಇತಿಹಾಸದ ದುರ್ಬೀನು ಹಿಡಿದರೆ ಚಿತ್ರವೇ ಬೇರೆ. ಜೋಳದ ತವರು ಆಫ್ರಿಕಾ. ಸಾವಿರಾರು ವರ್ಷಗಳ ಹಿಂದೆಯೇ ಅದು ಭಾರತಕ್ಕೆ ಬಂದಿತು. ಗುರೆಳ್ಳಿನ ಮೂಲ ಇಥಿಯೋಪಿಯಾ. ಮೆಣಸಿನಕಾಯಿ ಮತ್ತು ಶೇಂಗಾ ಎರಡೂ ಅಮೆರಿಕಾ ಖಂಡದವು; ಮೆಣಸಿನಕಾಯಿಯನ್ನು 16ನೆಯ ಶತಮಾನದಲ್ಲಿ ಪೋರ್ತುಗೀಜರು ತಂದರು. ಅದಕ್ಕಿಂತ ಮುಂಚೆ ಖಾರವೆಂದರೆ ಕರಿಮೆಣಸು, ಹಿಪ್ಪಲಿ, ಶುಂಠಿ. ಎಂದರೆ ಕಲ್ಯಾಣದ ಶರಣರ ತಟ್ಟೆಯಲ್ಲಿ ಶೇಂಗಾ ಹಿಂಡಿ ಇರಲಿಲ್ಲ, ರಂಜಕವೂ ಇರಲಿಲ್ಲ! ತಟ್ಟೆಯಲ್ಲಿರುವ ಬದನೆ ಮತ್ತು ಮಡಿಕೆಕಾಳಷ್ಟೇ ಈ ದೇಶದವೆಂದು ಧೈರ್ಯವಾಗಿ ಹೇಳಿಕೊಳ್ಳಬಹುದು. ಝುಣಕ ಕನ್ನಡದ್ದೋ ಮರಾಠಿಯದೋ ಎಂಬ ವಾದವನ್ನು ನಾವು ಶಿಕ್ಷಕರ ಕೊಠಡಿಯಲ್ಲಿ ಎಷ್ಟೋ ಸಲ ಕೇಳಿದ್ದೇವೆ. ವಾದಿಸುತ್ತಿದ್ದ ಇಬ್ಬರೂ ಒಂದೇ ಡಬ್ಬಿಯಿಂದ ಅದನ್ನು ತಿನ್ನುತ್ತಿದ್ದರು.

ಬರದ ಸೀಮೆಯಲ್ಲಿ ಊಟದ ಇತಿಹಾಸವೆಂದರೆ ಕೂಡಿಡುವ ಇತಿಹಾಸವೂ ಹೌದು. ಗಟ್ಟಿ ನೆಲದಲ್ಲಿ ಆಳವಾದ ಕುಣಿ ತೋಡಿ, ಸುತ್ತಲೂ ಒಣಗಿದ ಕಣಿಕೆ, ಹುಲ್ಲು ಹೊದಿಸಿ, ಜೋಳ ತುಂಬಿ ಬಾಯಿ ಮುಚ್ಚಿದರೆ ಅದೇ ಹಗೇವು. ಸಾಂಗಲಿಯ ಬಳಿಯ ಹರಿಪುರದಲ್ಲಿ ಅರಿಷಿಣವನ್ನು ಇಡುತ್ತಿದ್ದ ‘ಪೇವು’ ಕೂಡ ಇದರ ಬಂಧುವೇ. ಹಗೇವನ್ನು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಗಾಳಿ ಕೆಟ್ಟಿರುತ್ತದೆ. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರಲಿಲ್ಲವೆಂದು ಕಂಡ ಮೇಲೆಯೇ ಮನುಷ್ಯ ಇಳಿಯುತ್ತಿದ್ದ. ಅಂಥ ಜೋಳಕ್ಕೆ ಒಂದು ಬಗೆಯ ಮುಗ್ಗಲು ವಾಸನೆ ಇರುತ್ತಿತ್ತು. ಹಾಗೆಂದು ಯಾರೂ ಅದನ್ನು ಬಿಸಾಡಿದ್ದನ್ನು ನಾವು ಕಾಣೆವು.

1876–78ರ ಕ್ಷಾಮ ಈ ಸುತ್ತಿನ ಸಾತಾರಾ, ಸೊಲ್ಲಾಪುರ, ಬೆಳಗಾವಿ, ಕಲಾದಗಿ ಜಿಲ್ಲೆಗಳನ್ನೆಲ್ಲ ತಿಂದುಹಾಕಿತು. ಅದನ್ನು ನಾವು ಓದಿ ಬಲ್ಲೆವು. 1972ರ ಬರವನ್ನು ಉಂಡು ಬಲ್ಲೆವು. ಆಗ ನಾವು ಶಿಕ್ಷಕ ವೃತ್ತಿಗೆ ಸೇರಿದ ಹೊಸತು. ಹಗೇವುಗಳು ಬರಿದಾಗಿದ್ದವು. ಊರಿನ ಹೆಣ್ಣುಮಕ್ಕಳು, ಗಂಡಸರು ಎನ್ನದೆ ಎಲ್ಲರೂ ಕಲ್ಲು ಒಡೆಯುವ, ಕೆರೆ ತೋಡುವ ಬರಗಾಲದ ಕಾಮಗಾರಿಗೆ ಹೋಗುತ್ತಿದ್ದರು. ಅಲ್ಲಿ ‘ಸುಕಡಿ’ ಎಂಬ ಪುಡಿಯಾಹಾರವನ್ನು ಹಂಚುತ್ತಿದ್ದರು. ಪಡಿತರದಲ್ಲಿ ಅಮೆರಿಕಾದಿಂದ ಬಂದ ಕೆಂಪು ಜೋಳ ಸಿಗುತ್ತಿತ್ತು. ಜನ ಅದನ್ನು ‘ಮಿಲೋ’ ಎಂದು ಕರೆದರು. ಅಲ್ಲಿ ಅದು ದನಗಳ ಮೇವೆಂದು ಹೇಗೋ ಸುದ್ದಿ ಹಬ್ಬಿತ್ತು.

ನಮ್ಮ ವರ್ಗದ ಒಬ್ಬ ಹುಡುಗಿ ಮಧ್ಯಾಹ್ನದ ಬಿಡುವಿನಲ್ಲಿ ಗೋಡೆಗೆ ಮುಖಮಾಡಿ ಕುಳಿತು ಬುತ್ತಿ ಬಿಚ್ಚುತ್ತಿದ್ದಳು. ಎರಡು ಮೂರು ದಿನ ನೋಡಿ, ಹತ್ತಿರ ಹೋಗಿ ಕಾರಣ ಕೇಳಿದೆವು. “ಕೆಂಪ ಜ್ವಾಳದ ಬಕ್ಕರಿ ಐತ್ರೀ ಮಾಸ್ತರ. ಯಾರಿಗೂ ತೋರಸಬ್ಯಾಡ ಅಂದಾಳ ನಮ್ಮವ್ವ” ಎಂದಳು. ನಾವು ನಮ್ಮ ಡಬ್ಬಿಯನ್ನು ತಂದು ಅವಳ ಮುಂದೆ ತೆರೆದೆವು. ಅದರಲ್ಲಿದ್ದುದೂ ಅದೇ ಕೆಂಪು ರೊಟ್ಟಿ. ಅವಳು ಒಮ್ಮೆ ರೊಟ್ಟಿಯನ್ನೂ ಒಮ್ಮೆ ನಮ್ಮ ಮುಖವನ್ನೂ ನೋಡಿದಳು. ಮರುದಿನದಿಂದ ಗೋಡೆಯ ಕಡೆಗೆ ತಿರುಗಲಿಲ್ಲ. ಆ ಬರದ ಫಲವಾಗಿಯೇ ರಾಜ್ಯದಲ್ಲಿ ಉದ್ಯೋಗ ಖಾತರಿ ಯೋಜನೆ ಬಲಗೊಂಡು 1977ರಲ್ಲಿ ಕಾಯಿದೆಯಾಯಿತು. ಅದನ್ನು ನಾವು ಮುಂದೆ ನಾಗರಿಕಶಾಸ್ತ್ರದ ಪಾಠದಲ್ಲಿ ಕಲಿಸಿದೆವು. ಪಾಠ ಮಾಡುವಾಗಲೆಲ್ಲ ಆ ಹುಡುಗಿಯ ನೆನಪಾಗುತ್ತಿತ್ತು.

ಬರ ಹೋಯಿತು. ಆದರೆ ಪಡಿತರದ ಗೋಧಿ, ಅಕ್ಕಿ ಮನೆಯೊಳಗೆ ಉಳಿದವು. ಹೈಬ್ರಿಡ್ ಜೋಳ ಬಂದಿತು. ಇಳುವರಿ ಹೆಚ್ಚು, ರುಚಿ ಕಡಿಮೆ. ನೀರು ಬಂದ ಕಡೆ ದ್ರಾಕ್ಷಿ, ದಾಳಿಂಬೆಯ ತೋಟಗಳಾದವು. ರೈತನ ಕೈಯಲ್ಲಿ ನಾಲ್ಕು ಕಾಸು ಆಡಿದುದಕ್ಕೆ ನಮಗೆ ಸಂತೋಷವಿದೆ. ಬರೀ ಜೋಳದಿಂದ ಯಾರ ಮಕ್ಕಳ ಫೀಯೂ ಹುಟ್ಟುತ್ತಿರಲಿಲ್ಲ. ಆದರೆ ಜೋಳದ ಹೊಲದೊಂದಿಗೆ ಅಕ್ಕಡಿ ಸಾಲಿನ ಕಡಲೆ ಹೋಯಿತು, ದನ ನುಗ್ಗದಂತೆ ಅಂಚಿಗೆ ಬಿತ್ತುತ್ತಿದ್ದ ಮುಳ್ಳು ಕುಸುಬಿ ಹೋಯಿತು, ಆ ಕುಸುಬಿಯ ಎಣ್ಣೆ ಹೋಯಿತು, ತಾನಾಗಿ ಹುಟ್ಟುತ್ತಿದ್ದ ಹತ್ತರಕಿ ಸೊಪ್ಪು ಹೋಯಿತು. ವಸ್ತು ಹೋದ ಮೇಲೆ ಹೆಸರು ಎಷ್ಟು ದಿನ ಇದ್ದೀತು? ನಮ್ಮ ಮೊಮ್ಮಗಳಿಗೆ ‘ಹುರಡಾ’ ಗೊತ್ತು, ಅದೂ ಹೆದ್ದಾರಿಯ ಪಕ್ಕದ ಪಾರ್ಟಿಯ ಫಲಕದಿಂದ. ಅದನ್ನೇ ನಮ್ಮ ಮನೆಯಲ್ಲಿ ‘ಸೀತನಿ’ ಎನ್ನುತ್ತಾರೆಂದು ಹೇಳಿದಾಗ ಯಾರೋ ಹುಡುಗಿಯ ಹೆಸರೆಂದು ತಿಳಿದಳು. ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಕರೆದೊಯ್ದು ಚರಗ ಚೆಲ್ಲುವುದನ್ನು ತೋರಿಸಿದೆವು. ಸಜ್ಜೆಯ ಕಡುಬು, ಭಜ್ಜಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲದರ ಹೆಸರನ್ನೂ ಕನ್ನಡದಲ್ಲಿ ಹೇಳಿಸಿದೆವು. ಹದಿಮೂರು ಹೆಸರು ಬರೆದುಕೊಂಡಳು, ಮರಾಠಿ ಲಿಪಿಯಲ್ಲಿ.

ಇನ್ನೂ ರುಚಿ ನೋಡದವರಿಗೆ, ಹಬ್ಬದ ಅಡಿಗೆಗಿಂತ ಮೊದಲು ಪುಂಡಿಪಲ್ಯವನ್ನೇ ನಾವು ಶಿಫಾರಸು ಮಾಡುತ್ತೇವೆ. ಪುಂಡಿಯ ಎಲೆಗಳನ್ನು ಬೇಯಿಸಿ ನೀರು ಬಸಿದು, ಹುಳಿ ಹದಕ್ಕೆ ಬಂದ ಮೇಲೆ ಬೆಂದ ತೊಗರಿಬೇಳೆಯನ್ನೂ ಒಂದು ಹಿಡಿ ಜೋಳದ ನುಚ್ಚನ್ನೂ ಹಸಿಮೆಣಸಿನಕಾಯಿಯನ್ನೂ ಕೂಡಿಸಿ ಕಡೆಯಬೇಕು. ಬೆಳ್ಳುಳ್ಳಿಯ ಒಗ್ಗರಣೆ ಧಾರಾಳವಾಗಿರಲಿ. ಮೊದಲ ದಿನಕ್ಕಿಂತ ಮರುದಿನ ಹೆಚ್ಚು ರುಚಿ. ಮೇಲೆ ನುಚ್ಚು ಮಜ್ಜಿಗೆ ಕುಡಿದರೆ ಮೇ ತಿಂಗಳ ಬಿಸಿಲೂ ಸಹ್ಯವಾಗುತ್ತದೆ.

ಗುಡ್ಡಾಪುರದ ದಾನಮ್ಮದೇವಿಯ ಹೆಸರೆತ್ತದೆ ಈ ತಾಲೂಕಿನ ಊಟದ ಮಾತು ಪೂರ್ಣವಾಗದು. ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮ ದಾನಗುಣದಿಂದ ದಾನಮ್ಮಳಾದಳು ಎಂದು ಪರಂಪರೆ ಹೇಳುತ್ತದೆ. ಅಲ್ಲಿಯ ದಾಸೋಹದ ಪಂಕ್ತಿಯಲ್ಲಿ ಎರಡೂ ರಾಜ್ಯಗಳ ಭಕ್ತರು ಕೂಡುತ್ತಾರೆ. ಬಡಿಸುವವರು ಯಾವ ಭಾಷೆಯಲ್ಲಿ ಕೇಳಿದರೂ ಕೈಸನ್ನೆಯಲ್ಲೇ ಸಾಕು ಎನ್ನಬಹುದು.

ಈ ಸಮ್ಮೇಳನದ ಊಟದ ಸಮಿತಿಯಲ್ಲಿ ನಮ್ಮನ್ನೂ ಸೇರಿಸಿದ್ದರು. ಅಡಿಗೆಯ ಗುತ್ತಿಗೆದಾರರು ಪೂರಿ, ಪಲಾವು, ಗುಲಾಬ್ ಜಾಮೂನಿನ ಪಟ್ಟಿ ತಂದರು. ರೊಟ್ಟಿ ಬಡಿಯುವವರು ಸಿಗುವುದಿಲ್ಲ, ಸಿಕ್ಕರೂ ದುಬಾರಿ ಎಂದರು. ಒಂದು ಕಾಲದಲ್ಲಿ ಬಡವರ ಊಟವಾಗಿದ್ದುದು ಇಂದು ಪೂರಿಗಿಂತ ತುಟ್ಟಿಯಾಗಿದೆ. ನಾವೇ ಲೆಕ್ಕ ಹಾಕಿ ನೋಡಿದೆವು, ಅವರ ಮಾತು ಸುಳ್ಳಲ್ಲ. ಎರಡು ಸಭೆಗಳಲ್ಲಿ ಚರ್ಚೆಯಾಯಿತು. ಕೊನೆಗೆ ಸಂಘದ ಸದಸ್ಯರ ಮನೆಗಳಿಂದ ಒಂಬತ್ತು ಜನ ತಾಯಂದಿರು ತಾವೇ ಮುಂದೆ ಬಂದರು. ಅವರಲ್ಲಿ ಐವತ್ತು ದಾಟದವರು ಒಬ್ಬರೇ. ಆ ಒಬ್ಬ ಸೊಸೆ ಅತ್ತೆಯ ಪಕ್ಕದಲ್ಲಿ ಕುಳಿತು ಕಲಿಯಲು ಬರುತ್ತಿದ್ದಾಳೆ. ಎರಡನೆಯ ದಿನದ ಮಧ್ಯಾಹ್ನ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ನುಚ್ಚು ಮಜ್ಜಿಗೆ ಇರುತ್ತವೆ. ಕವಿಗೋಷ್ಠಿ ಒಂದು ಗಂಟೆಗೆ ಸರಿಯಾಗಿ ಮುಗಿಯಬೇಕೆಂದು ಅಧ್ಯಕ್ಷರಿಗೆ ಈಗಾಗಲೇ ವಿನಂತಿಸಿದ್ದೇವೆ. ರೊಟ್ಟಿ ಆರಿದರೆ ಕೆಡುತ್ತದೆ.